ಮುಚ್ಚಿಟ್ಟ ಮನೋವ್ಯಥೆ

ವ್ರತನಿಯಮಗಳನ್ನೂ ಶರಣರ ಚರಿತ್ರೆಯನ್ನೂ ಕುರಿತು ಬರೆಯುವ ನಾವು ಈ ಸಲ ವಿಮಾನ ನಡೆಸುವವರ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಸೀಮೆಯಲ್ಲಿ ತೋರಣಗಲ್ಲಿಗೆ ಬಂದಿಳಿಯುವ ವಿಮಾನವನ್ನು ಕಂಡವರುಂಟು, ಹತ್ತಿದವರು ಕಡಿಮೆ, ನಡೆಸಿದವರಂತೂ ಇನ್ನೂ ಕಡಿಮೆ. ಆದರೂ ಬರೆಯಬೇಕಾಗಿ ಬಂದಿತು. ಕಳೆದ ಶ್ರಾವಣದಲ್ಲಿ ಕೊಟ್ಟೂರಿನ ಸಮೀಪದ ಒಂದು ಊರಿನಲ್ಲಿ ನಮ್ಮ ಪುರಾಣ ಪ್ರವಚನ ನಡೆದಿತ್ತು. ಮಂಗಳಾರತಿಯಾದ ಮೇಲೆ ಒಬ್ಬ ತಾಯಿ ಜನವೆಲ್ಲ ಕರಗುವವರೆಗೆ ಕಾದಿದ್ದು ನಮ್ಮ ಬಳಿ ಬಂದರು. ಅವರ ಮಗ ವಿಜ್ಞಾನ ವಿಷಯದಲ್ಲಿ ಪಿ.ಯು.ಸಿ. ಮುಗಿಸಿದ್ದಾನೆ, ವೈಮಾನಿಕನಾಗಬೇಕೆಂದು ಹಠ ಹಿಡಿದಿದ್ದಾನೆ. ಬೋರ್‌ವೆಲ್ ಇರುವ ನಾಲ್ಕೆಕರೆ ದಾಳಿಂಬೆ ತೋಟವನ್ನು ಬ್ಯಾಂಕಿಗೆ ಒತ್ತೆಯಿಟ್ಟಾದರೂ ಮೊಮ್ಮಗನನ್ನು ಕಲಿಸುವುದಾಗಿ ಅಜ್ಜ ಹೇಳಿದ್ದಾರೆ.

"ಅಯ್ಯನವರೇ, ವಿಮಾನ ಹಾರಿಸುವವರು ಮನಸ್ಸು ಕೆಟ್ಟು ತಾವೇ ಪ್ರಾಣ ಬಿಡುತ್ತಾರಂತೆ, ಕೂತವರನ್ನೂ ಕರೆದುಕೊಂಡು ಹೋಗುತ್ತಾರಂತೆ, ನಿಜವೇ?" ಎಂದು ಆ ತಾಯಿ ಕೇಳಿದರು. ಅದಾದ ಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಕೇಳಿದರು. ಹುಡುಗನಿಗೆ ಪಿ.ಯು.ಸಿ. ಮೊದಲ ವರ್ಷದಲ್ಲಿ ನಾಲ್ಕೈದು ತಿಂಗಳು ನಿದ್ದೆ ಬಾರದೆ, ಊಟ ಸೇರದೆ, ಯಾರೊಡನೆಯೂ ಮಾತನಾಡದಂತಾಗಿತ್ತು. ಊರಿನಲ್ಲಿ ಯಾರಿಗೂ ತಿಳಿಯದಂತೆ ದಾವಣಗೆರೆಯಲ್ಲಿ ಮನೋವೈದ್ಯರಿಗೆ ತೋರಿಸಿ ಗುಣವಾಯಿತು. ವೈಮಾನಿಕರ ವೈದ್ಯಕೀಯ ಪರೀಕ್ಷೆಯ ನಮೂನೆಯಲ್ಲಿ ಹಿಂದಿನ ಕಾಯಿಲೆಗಳನ್ನು ಕೇಳುತ್ತಾರೆ, ಮನಸ್ಸಿನ ಕಾಯಿಲೆಯನ್ನೂ ಕೇಳುತ್ತಾರೆ. "ಬರೆಯಬೇಡ, ಬರೆದರೆ ಕೆಟ್ಟೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ತಾವು ಹೇಳಿ, ಬರೆಯುವುದೋ ಬಿಡುವುದೋ?"

ಮೊದಲ ಪ್ರಶ್ನೆ ಎಲ್ಲಿಂದ ಹುಟ್ಟಿತೆಂಬುದನ್ನು ಊಹಿಸುವುದು ಕಷ್ಟವಲ್ಲ. 2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನವು ಮೇಲೆದ್ದ ಕ್ಷಣಗಳಲ್ಲಿಯೇ ವೈದ್ಯಕೀಯ ಕಾಲೇಜಿನ ವಸತಿಗೃಹದ ಮೇಲೆ ಬಿದ್ದಿತು. ಒಳಗಿದ್ದ 242 ಜನರಲ್ಲಿ ಉಳಿದವನು ಒಬ್ಬನೇ. ನೆಲದ ಮೇಲಿದ್ದ 19 ಜನರೂ ಸೇರಿ 260 ಜೀವಗಳು ಹೋದವು. ಮುಂದಿನ ತಿಂಗಳು ಹೊರಬಂದ ಪ್ರಾಥಮಿಕ ವರದಿಯು ಇಂಧನದ ಸ್ವಿಚ್ಚುಗಳು ಸ್ಥಾನ ಬದಲಿಸಿದವೆಂದು ಹೇಳಿತೇ ಹೊರತು ಯಾರ ಮೇಲೂ ದೋಷವನ್ನು ಹೊರಿಸಲಿಲ್ಲ. ಆದರೆ ದೂರದರ್ಶನದ ಮುಂದೆ ಕುಳಿತವರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಚಹಾದಂಗಡಿಯಿಂದ ಹಿಡಿದು ದೇವಸ್ಥಾನದ ಕಟ್ಟೆಯವರೆಗೆ ಸತ್ತ ವೈಮಾನಿಕನ ಮನಸ್ಸನ್ನು ಬಲ್ಲವರೇ ಎಲ್ಲರೂ. ಆತನ ವೃದ್ಧ ತಂದೆ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋಗಬೇಕಾಯಿತು. ಆ ವರ್ಷದ ನವೆಂಬರಿನಲ್ಲಿ ನ್ಯಾಯಮೂರ್ತಿಗಳು, ಮಗನ ಮೇಲೆ ಅಪವಾದವಿದೆಯೆಂಬ ಭಾರವನ್ನು ಹೊರಬೇಡಿರಿ, ಆತನನ್ನು ಯಾರೂ ದೂಷಿಸುವಂತಿಲ್ಲವೆಂದು ಆ ತಂದೆಗೆ ಸಾಂತ್ವನ ಹೇಳಿದರು. ನಿರ್ಣಯವಾಗದ ವಿಷಯದಲ್ಲಿ ಆಡಿದ ಮಾತು ಬದುಕಿರುವವರ ಮನೆಗೆ ಹೋಗಿ ತಾಕುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆ ದುರಂತವನ್ನು ನಾವು ಈ ಲೇಖನದ ಉದಾಹರಣೆಗಳ ಸಾಲಿಗೆ ಸೇರಿಸುವುದಿಲ್ಲ.

ಇನ್ನು ಉದ್ದೇಶಪೂರ್ವಕವಾಗಿಯೇ ನಡೆದುವೆಂದು ತನಿಖೆಯಿಂದ ಸಿದ್ಧವಾದ ಘಟನೆಗಳು. ಇವು ಅತಿ ವಿರಳ. ಎರಡೋ ನಾಲ್ಕೋ ಜನ ಕುಳಿತುಕೊಳ್ಳುವ ಲಘು ವಿಮಾನಗಳು ಅಮೆರಿಕದಲ್ಲಿ ನಮ್ಮ ಟ್ರಾಕ್ಟರುಗಳಂತೆ ಖಾಸಗಿ ಜನರ ಕೈಯಲ್ಲಿರುತ್ತವೆ. ಆ ದೇಶದ ವಿಮಾನಯಾನ ಇಲಾಖೆಯ ವೈದ್ಯಶಾಖೆ 2003ರಿಂದ 2012ರವರೆಗಿನ ಲೆಕ್ಕ ತೆಗೆದಾಗ, ಪ್ರಾಣಹಾನಿಯಾದ 2,758 ವಿಮಾನ ಅಪಘಾತಗಳಲ್ಲಿ ವೈಮಾನಿಕನು ತಾನಾಗಿಯೇ ಪ್ರಾಣ ಕಳೆದುಕೊಂಡುದು 8ರಲ್ಲಿ ಮಾತ್ರ. ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ 3,648ಕ್ಕೆ 16. ಪ್ರಯಾಣಿಕರ ದೊಡ್ಡ ವಿಮಾನವೊಂದೂ ಆ ಎಂಟರಲ್ಲಿಲ್ಲ. ಆದರೆ ಅದೇ ಲೆಕ್ಕದಲ್ಲಿ ನಮ್ಮ ಮನಸ್ಸಿಗೆ ನಾಟಿದ ಅಂಶ ಬೇರೊಂದಿದೆ. ಆ ಎಂಟು ಜನರಲ್ಲಿ ಐವರು ತಮ್ಮ ಸಾಯುವ ಯೋಚನೆಯನ್ನು ಮೊದಲೇ ಯಾರೊಡನೆಯೋ ಆಡಿದ್ದರು. ಕೇಳಿದ ಕಿವಿ ಒಂದಿತ್ತು. ಕೇಳಿದವರಿಗೆ ಮುಂದೇನು ಮಾಡಬೇಕೆಂದು ತೋಚಿರಲಿಕ್ಕಿಲ್ಲ, ಅಥವಾ ಬರೀ ಮಾತೆಂದು ಬಿಟ್ಟಿರಬೇಕು. ಅವರ ಉಳಿದ ಆಯುಷ್ಯ ಹೇಗೆ ಕಳೆಯುತ್ತಿರಬಹುದೆಂಬುದನ್ನು ನೆನೆದರೆ ಕರುಳು ಹಿಂಡುತ್ತದೆ.

ವಿಮಾನ ಶಿಕ್ಷಣದ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರಕಾರಿ ಶಾಲೆಯಿರಲಿ, ಈಚೆಗೆ ಕಲಬುರಗಿಯಲ್ಲಿ ತಲೆಯೆತ್ತಿದ ಶಾಲೆಗಳಿರಲಿ, ಎಲ್ಲೆಡೆಯಲ್ಲಿಯೂ ಕಲಿಯುವುದು ಲಘು ವಿಮಾನದಲ್ಲಿಯೇ. ಮೊದಲು ಗುರುವಿನೊಡನೆ, ಆಮೇಲೆ ಒಂಟಿಯಾಗಿ. ವೃತ್ತಿಯ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಬೇಕು, ವೆಚ್ಚ ಹಲವು ಹತ್ತು ಲಕ್ಷ. ಇಷ್ಟೆಲ್ಲ ಆದ ಮೇಲೂ ವೈದ್ಯರ ಪ್ರಮಾಣಪತ್ರವೊಂದು ತಪ್ಪಿದರೆ ಎಲ್ಲವೂ ನಿಂತಿತು. ಬೇರೆ ಕಸುಬಿನವನಿಗೆ ಕಾಯಿಲೆ ಬಂದರೆ ರಜೆ ದೊರೆಯುತ್ತದೆ. ಇವನಿಗಾದರೋ ಕಾಯಿಲೆಯ ಹೆಸರೇ ಕಸುಬಿಗೆ ಮುಳುವು. ಹೀಗಿರುವಾಗ ಹೇಳಿಕೊಳ್ಳುವವರು ಯಾರು?

2021ರ ಅಕ್ಟೋಬರ್ 18ರಂದು ಅಮೆರಿಕದ ನಾರ್ತ್ ಡಕೋಟಾ ವಿಶ್ವವಿದ್ಯಾನಿಲಯದ ವಿಮಾನಶಾಸ್ತ್ರದ ವಿದ್ಯಾರ್ಥಿಯೊಬ್ಬನು ಶಾಲೆಯ ಲಘು ವಿಮಾನದಲ್ಲಿ ಒಬ್ಬನೇ ಹೋದವನು ಮರಳಲಿಲ್ಲ. ವಯಸ್ಸು ಹತ್ತೊಂಬತ್ತು. ಕಲಿಕೆಯಲ್ಲಿ ಮುಂದಿದ್ದವನು, ಗೆಳೆಯರಿಗೆ ಬೇಕಾದವನು. ಒಳಗೊಳಗೇ ಖಿನ್ನತೆ ಅವನನ್ನು ತಿನ್ನುತ್ತಿತ್ತೆಂಬುದು ತಂದೆತಾಯಿಗೂ ತಿಳಿದಿರಲಿಲ್ಲ. ಅವನು ಬರೆದಿಟ್ಟ ಪತ್ರ ಆಮೇಲೆ ಅವರ ಕೈಸೇರಿತು. ವೈದ್ಯರ ಬಳಿಗೆ ಹೋದರೆ ಹಾರುವ ಅವಕಾಶ ತಪ್ಪೀತೆಂಬ ಭಯದಿಂದ ಹೋಗಲಿಲ್ಲವೆಂಬುದೂ, ಸಾಧ್ಯವಿದ್ದರೆ ಈ ನಿಯಮಗಳು ಬದಲಾಗುವಂತೆ ನೋಡಿರೆಂಬ ಕೋರಿಕೆಯೂ ಅದರಲ್ಲಿದ್ದವು. ವಿಶ್ವವಿದ್ಯಾನಿಲಯವು ಕೆಲವು ದಿನ ಹಾರಾಟವನ್ನೇ ನಿಲ್ಲಿಸಿತು. ಯಾವ ಆಕಾಶವನ್ನು ನೋಡಿ ಹಿಗ್ಗುತ್ತಿದ್ದರೋ ಅದನ್ನೇ ನೋಡಲಾಗದೆ ಕುಳಿತ ನೂರಾರು ತರುಣರಿಗೆ ಆಪ್ತಸಲಹೆಗಾರರನ್ನು ಕರೆಸಬೇಕಾಯಿತು.

ಆ ತಂದೆತಾಯಿಗಳ ನಡೆಯನ್ನು ನಾವು ವಿಶೇಷವಾಗಿ ಎತ್ತಿ ಹೇಳುತ್ತೇವೆ. ಮಗನ ಸಾವು ಯಂತ್ರದ ದೋಷದಿಂದ ಆಯಿತೆಂದು ಹೇಳಿ ಮಾನ ಉಳಿಸಿಕೊಳ್ಳುವ ದಾರಿಯನ್ನು ಅವರು ಹಿಡಿಯಲಿಲ್ಲ. ನಡೆದುದನ್ನು ನಡೆದಂತೆ ಹೇಳಿದರು, ಪತ್ರಿಕೆಗಳವರ ಮುಂದೆ ಹೇಳಿದರು, ಶಾಸನ ಮಾಡುವವರ ಮುಂದೆ ಹೋಗಿ ಹೇಳಿದರು. ವೈಮಾನಿಕರು ಮನೋವ್ಯಥೆಗೆ ಚಿಕಿತ್ಸೆ ಪಡೆಯುವುದನ್ನು ಸುಲಭಗೊಳಿಸುವ ಮಸೂದೆಯನ್ನು 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಅಂಗೀಕರಿಸಿತು. ಅದರ ಹಿಂದೆ ಇವರ ಅಲೆದಾಟವೂ ಇದೆ. ಅಲ್ಲಿಯ ಇಲಾಖೆ 2010ರಲ್ಲಿಯೇ ಖಿನ್ನತೆಗೆ ಕೆಲವು ಔಷಧಗಳನ್ನು ಸೇವಿಸುವವರೂ ತಕ್ಕ ಪರಿಶೀಲನೆಯ ನಂತರ ಹಾರಬಹುದೆಂದು ನಿಯಮವನ್ನು ಸಡಿಲಿಸಿತ್ತು. ನಿಯಮ ಸಡಿಲವಾದರೂ ಅಂಜಿಕೆ ಸಡಿಲವಾಗಲಿಲ್ಲ. ಪರಿಶೀಲನೆಗೆ ಹಿಡಿಯುವ ತಿಂಗಳುಗಟ್ಟಲೆ ಕಾಲ, ತಗಲುವ ವೆಚ್ಚ, ಜೊತೆಯವರ ಓರೆನೋಟ, ಇವೆಲ್ಲವೂ ಬಾಯಿಗೆ ಬೀಗ ಹಾಕುತ್ತವೆ.

ಮುಚ್ಚಿಡುವಿಕೆಯ ಫಲ ಪರರ ಪಾಲಿಗೆ ಎಷ್ಟು ಘೋರವಾಗಬಹುದೆಂಬುದನ್ನು 2015ರ ಮಾರ್ಚ್ 24ರಂದು ಜಗತ್ತು ಕಂಡಿತು. ಬಾರ್ಸಿಲೋನಾದಿಂದ ಡಸೆಲ್‌ಡಾರ್ಫಿಗೆ ಹೊರಟ ಜರ್ಮನ್‌ವಿಂಗ್ಸ್ ವಿಮಾನ ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿ ನಾಶವಾಗಿ 150 ಜನ ತೀರಿಕೊಂಡರು. ಅದು ಲಘು ವಿಮಾನವಲ್ಲ, ಆದರೆ ಅದರ ಸಹವೈಮಾನಿಕನು ಹುಡುಗನಾಗಿದ್ದಾಗ ತನ್ನೂರಿನ ಸಂಘದಲ್ಲಿ ಎಂಜಿನ್ನಿಲ್ಲದ ಗ್ಲೈಡರಿನಿಂದ ಹಾರಾಟ ಕಲಿತವನು. ಫ್ರಾನ್ಸಿನ ತನಿಖಾಧಿಕಾರಿಗಳು ಮರುವರ್ಷ ಕೊಟ್ಟ ವರದಿಯನ್ನು ಓದಿದರೆ ಕೂಡ್ಲಿಗಿ ತಾಲ್ಲೂಕಿನ ಸಾಲಗಾರ ರೈತನ ಕಥೆ ಓದಿದಂತಾಗುತ್ತದೆ. ಶಿಕ್ಷಣಕ್ಕಾಗಿ ಅವನು ಸುಮಾರು 41,000 ಯೂರೋ ಸಾಲ ಮಾಡಿದ್ದನು. ಹಿಂದೊಮ್ಮೆ ಖಿನ್ನತೆ ಬಂದಿದ್ದುದರಿಂದ ಅವನ ಪ್ರಮಾಣಪತ್ರದಲ್ಲಿ ವಿಶೇಷ ಷರತ್ತಿತ್ತು. ರೋಗ ಮರುಕಳಿಸಿದರೆ ಕೆಲಸ ಹೋಗುತ್ತದೆ, ಆದಾಯ ನಿಲ್ಲುತ್ತದೆ, ಅದಕ್ಕೆ ತಕ್ಕ ವಿಮೆಯಿಲ್ಲ. ರೋಗ ಮರುಕಳಿಸಿತು. ಅನೇಕ ವೈದ್ಯರನ್ನು ಕಂಡನು. ಕೆಲಸಕ್ಕೆ ಹೋಗಬೇಡವೆಂದು ಅವರು ಬರೆದುಕೊಟ್ಟ ಚೀಟಿಗಳನ್ನು ಮುಚ್ಚಿಟ್ಟು ಕೆಲಸಕ್ಕೆ ಹೋದನು. ರೋಗಿಯ ಗುಟ್ಟನ್ನು ಕಾಯುವ ನಿಯಮಕ್ಕೆ ಕಟ್ಟುಬಿದ್ದ ವೈದ್ಯರು ಯಾರಿಗೂ ತಿಳಿಸಲಿಲ್ಲ.

ಸಾಲ, ಭಯ, ಖಿನ್ನತೆ ಇವು 149 ಜನರ ಸಾವನ್ನು ಸಮರ್ಥಿಸಲಾರವು. ಹಾಗೆಂದು ಯಾರೂ ತಿಳಿಯಬಾರದು. ಖಿನ್ನತೆಯಿಂದ ಬಳಲುವ ಲಕ್ಷಾಂತರ ಜನ ಒಂದು ಇರುವೆಗೂ ಕೇಡು ಬಗೆಯದೆ ಬಾಳುತ್ತಾರೆ. ಆ ವಿಮಾನದಲ್ಲಿ ಹಾಲ್ಟರ್ನ್ ಎಂಬ ಸಣ್ಣ ಊರಿನ ಒಂದೇ ಶಾಲೆಯ 16 ವಿದ್ಯಾರ್ಥಿಗಳೂ ಇಬ್ಬರು ಉಪಾಧ್ಯಾಯಿನಿಯರೂ ಇದ್ದರು. ನಮ್ಮ ಹಳ್ಳಿಯ ಶಾಲೆಯೊಂದರಿಂದ ಪ್ರವಾಸಕ್ಕೆ ಹೋದ ಮಕ್ಕಳು ಹಾಗೆ ಬಾರದಿದ್ದರೆ ಆ ಊರಿನ ಗತಿಯೇನೆಂದು ಯೋಚಿಸಿ ನೋಡಿರಿ. ಎರಡು ವರ್ಷಗಳ ಮೇಲೆ, ಸರಿಯಾಗಿ ದುರಂತದ ದಿನದಂದೇ, ಸಹವೈಮಾನಿಕನ ತಂದೆ ಪತ್ರಕರ್ತರನ್ನು ಕರೆಸಿ ತನಿಖೆಯ ನಿರ್ಣಯವನ್ನು ಪ್ರಶ್ನಿಸಿದನು. ಸತ್ತವರ ಬಂಧುಗಳು ಬೆಂದುಹೋದರು. ಅವರ ಸಂಕಟ ನ್ಯಾಯವಾದುದೇ. ಆದರೂ ಮಗನನ್ನು ಕಳೆದುಕೊಂಡ ಇನ್ನೊಬ್ಬ ತಂದೆ ಅವನೆಂಬುದನ್ನು ನಾವು ಮರೆಯಲಾರೆವು. ದುಃಖಿಸುವ ಹಕ್ಕು ಕೂಡ ಇಲ್ಲದ ದುಃಖ ಅವನದು.

ಲಘು ವಿಮಾನದಿಂದ ಪರರಿಗೆ ಅಪಾಯ ಕಡಿಮೆಯೆಂಬ ಮಾತೂ ಪೂರ್ತಿ ನಿಜವಲ್ಲ. 2010ರ ಫೆಬ್ರವರಿ 18ರಂದು ಅಮೆರಿಕದ ಆಸ್ಟಿನ್ ನಗರದಲ್ಲಿ ತೆರಿಗೆ ಇಲಾಖೆಯ ಮೇಲೆ ಸಿಟ್ಟಾದವನೊಬ್ಬನು ತನ್ನ ಸಣ್ಣ ವಿಮಾನವನ್ನು ಆ ಇಲಾಖೆಯವರಿದ್ದ ಕಟ್ಟಡಕ್ಕೆ ನುಗ್ಗಿಸಿದನು. ಅವನೊಡನೆ ಸತ್ತವನು ತನ್ನ ಮೇಜಿನ ಮುಂದೆ ಕುಳಿತು ಕೆಲಸ ಮಾಡುತ್ತಿದ್ದ ಒಬ್ಬ ನೌಕರ. ಒಂಟಿಯಾಗಿ ಹೋದವನು ಕೂಡ ಒಂಟಿಯಾಗಿ ಹೋಗುವುದಿಲ್ಲ. ಅವಶೇಷಗಳನ್ನು ಹುಡುಕುವ ಅಗ್ನಿಶಾಮಕ ದಳದವರು, ಹೊಲದಲ್ಲಿ ನಿಂತು ಕಂಡ ರೈತ, ಬೆಳಿಗ್ಗೆ ಬೀಗದ ಕೈ ಕೊಟ್ಟು ಕಳುಹಿಸಿದ ಶಿಕ್ಷಕ, ಇವರೆಲ್ಲರೂ ಅದನ್ನು ಹೊತ್ತು ತಿರುಗುತ್ತಾರೆ.

ಇನ್ನು ಆ ತಾಯಿಯ ಎರಡನೆಯ ಪ್ರಶ್ನೆ. ನಾವು ಒಂದು ರಾತ್ರಿ ಯೋಚಿಸಲು ಅವಕಾಶ ಕೇಳಿ, ಮರುದಿನ ಅವರ ಮನೆಗೆ ಪ್ರಸಾದಕ್ಕೆ ಹೋದಾಗ ಅಜ್ಜನ ಎದುರಿನಲ್ಲಿಯೇ ಹೇಳಿದೆವು: ಬರೆಯಿರಿ. ದಾವಣಗೆರೆಯ ವೈದ್ಯರಿಂದ ಏನಾಗಿತ್ತು, ಯಾವ ಔಷಧ, ಎಂದಿಗೆ ನಿಂತಿತು ಎಂಬುದನ್ನು ಸ್ಪಷ್ಟವಾಗಿ ಬರೆಯಿಸಿಕೊಂಡು ಕೊಡಿರಿ. ತೋಟವನ್ನು ಒತ್ತೆಯಿಡುವ ಮಾತನ್ನು ಮೊದಲ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಕೈಗೆ ಬರುವವರೆಗೆ ಎತ್ತಬೇಡಿರಿ. ಸಾಲ ಮೊದಲು, ಪರೀಕ್ಷೆ ಆಮೇಲೆ ಎಂದಾದರೆ ಹುಡುಗನ ಬಾಯಿಗೆ ನೀವೇ ಬೀಗ ಹಾಕಿದಂತೆ. ನಾಳೆ ಅವನಿಗೆ ಮತ್ತೆ ನಿದ್ದೆ ಬಾರದಿದ್ದರೆ ನಾಲ್ಕೆಕರೆ ತೋಟ ಕಣ್ಣ ಮುಂದೆ ಬಂದು ನಿಲ್ಲುತ್ತದೆ, ಅವನು ಯಾರಿಗೂ ಹೇಳಲಾರನು.

ಅಜ್ಜನಿಗೆ ಇದು ರುಚಿಸಲಿಲ್ಲ. "ತಾವು ಶಾಸ್ತ್ರ ಹೇಳುವವರು, ಲೋಕ ಹೇಗಿದೆ ತಮಗೆ ಗೊತ್ತಿಲ್ಲ. ನಿಜ ಬರೆದವನನ್ನು ಹೊರಗೆ ನಿಲ್ಲಿಸುತ್ತಾರೆ, ಸುಳ್ಳು ಬರೆದವನು ಹಾರುತ್ತಾನೆ" ಎಂದರು. ಆ ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ನಿಜ ಹೇಳಿದವನಿಗೆ ದಂಡವೆಂಬ ಸ್ಥಿತಿ ಇರುವವರೆಗೆ ಸುಳ್ಳು ಹೇಳುವವರು ಇದ್ದೇ ಇರುತ್ತಾರೆ. ನಮ್ಮ ದೇಶದ ವಿಮಾನಯಾನ ಮಹಾನಿರ್ದೇಶನಾಲಯವು 2023ರ ಫೆಬ್ರವರಿಯಲ್ಲಿ ಸುತ್ತೋಲೆ ಹೊರಡಿಸಿ, ವೈದ್ಯಕೀಯ ಪರೀಕ್ಷೆಯಲ್ಲಿ ಮನಸ್ಸಿನ ಆರೋಗ್ಯಕ್ಕೂ ಗಮನ ಕೊಡಬೇಕೆಂದೂ, ವೈಮಾನಿಕರು ತಮ್ಮವರೇ ಆದ ಸಹೋದ್ಯೋಗಿಗಳೊಡನೆ ಗುಟ್ಟಾಗಿ ಕಷ್ಟ ಹೇಳಿಕೊಳ್ಳುವ ನೆರವಿನ ವ್ಯವಸ್ಥೆ ಇರಬೇಕೆಂದೂ ತಿಳಿಸಿತು. ಯುರೋಪಿನಲ್ಲಿ ವಿಮಾನ ಸಂಸ್ಥೆಗಳಿಗೆ ಇಂತಹ ವ್ಯವಸ್ಥೆ 2021ರಲ್ಲಿಯೇ ಕಡ್ಡಾಯವಾಯಿತು. ಅಹಮದಾಬಾದಿನ ದುರಂತವಾದ ನಾಲ್ಕನೆಯ ದಿನ ಏರ್ ಇಂಡಿಯಾದ 112 ವೈಮಾನಿಕರು ಅಸ್ವಸ್ಥರೆಂದು ರಜೆ ಕೇಳಿದರೆಂಬುದನ್ನು ಸರಕಾರವೇ ಲೋಕಸಭೆಗೆ ತಿಳಿಸಿತು. ಕೆಲವರು ಇದನ್ನು ಓದಿ ಮೂಗು ಮುರಿದರು. ನಮಗೆ ಸಮಾಧಾನವೇ ಆಯಿತು. ನೊಂದ ಮನಸ್ಸಿನೊಡನೆ ಹಾರುವುದಿಲ್ಲವೆಂದು ಹೇಳುವ ಬಾಯಿ ನಮ್ಮವರಿಗೂ ಬರುತ್ತಿದೆಯಲ್ಲ! ಕೊಟ್ಟೂರಿನ ಆ ಮನೆಯವರು ಕೊನೆಗೆ ನಿಜವನ್ನೇ ಬರೆದರು. ವೈದ್ಯಮಂಡಳಿ ಇನ್ನೂ ಕೆಲವು ಕಾಗದಪತ್ರ ಕೇಳಿದೆ. ಅಜ್ಜನ ಮುನಿಸು ಇಳಿದಿಲ್ಲ.

ಮನಸ್ಸಿನ ಕಾಯಿಲೆಯನ್ನು ಮುಚ್ಚಿಡುವ ನಮ್ಮ ಸೀಮೆಯವರಿಗೆ ತಮ್ಮದೇ ಜಿಲ್ಲೆಯ ಒಂದು ಹೆಮ್ಮೆಯ ಸಂಗತಿ ಮರೆತುಹೋಗಿರುವುದು ಸೋಜಿಗ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಜಿಲ್ಲೆಯೊಂದಕ್ಕೆ ಪೂರ್ತಿಯಾಗಿ ಮಾನಸಿಕ ಆರೋಗ್ಯ ಸೇವೆ ಒದಗಿಸುವ ಪ್ರಯೋಗಕ್ಕೆ ಆರಿಸಿಕೊಂಡುದು ಅಂದಿನ ಬಳ್ಳಾರಿ ಜಿಲ್ಲೆಯನ್ನು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳು ಅದರೊಳಗಿದ್ದುವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅವಶ್ಯ ಔಷಧಗಳು ಆ ಕೇಂದ್ರಗಳಲ್ಲಿಯೇ ಸಿಗುವಂತೆ ಮಾಡಿದರು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ನಾವು ಆಗ ಇಪ್ಪತ್ತೈದರ ಆಸುಪಾಸಿನವರು. ಗಾಳಿ ಸೋಂಕಿದೆಯೆಂದು ಗುಡಿಯಿಂದ ಗುಡಿಗೆ ಅಲೆಯುತ್ತಿದ್ದವರು ಮಾತ್ರೆ ತೆಗೆದುಕೊಂಡು ಹೊಲದ ಕೆಲಸಕ್ಕೆ ಮರಳಿದುದನ್ನು ಕಂಡಿದ್ದೇವೆ. 'ಬಳ್ಳಾರಿ ಮಾದರಿ'ಯೆಂದು ಹೆಸರಾದ ಆ ಪ್ರಯೋಗವನ್ನೇ ಅನುಸರಿಸಿ 1996ರಲ್ಲಿ ಭಾರತ ಸರಕಾರ ಬೇರೆ ಜಿಲ್ಲೆಗಳಿಗೂ ಯೋಜನೆಯನ್ನು ಹಬ್ಬಿಸಿತು. ದೇಶಕ್ಕೆ ದಾರಿ ತೋರಿಸಿದ ನೆಲದವರು ಇಂದಿಗೂ ಮಗನ ಔಷಧದ ಚೀಟಿಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡುತ್ತಾರೆ! ಕಾರಣ ಒಂದೇ, ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿರುತ್ತಾರೆ.

ಆ ಕಾರಣವನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಕೆಲವು ವರ್ಷಗಳ ಹಿಂದೆ ಹಗರಿಬೊಮ್ಮನಹಳ್ಳಿ ಕಡೆಯ ಒಂದು ಊರಿನಲ್ಲಿ ಲಾರಿ ನಡೆಸುತ್ತಿದ್ದ ತರುಣನೊಬ್ಬನು ಹೀಗೆಯೇ ತೀರಿಕೊಂಡನು. ನಾವು ಮೂರನೆಯ ದಿನ ಹೋದಾಗ ಆ ಮನೆಯ ಜಗಲಿಯ ಮೇಲೆ ಕುಳಿತುಕೊಳ್ಳಲು ಬಂದ ನೆರೆಯವರು ಇಬ್ಬರೇ. ಬೇರೆ ಸಾವಾಗಿದ್ದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಸಮಾಧಿ ಕ್ರಿಯೆಯನ್ನು ಕತ್ತಲಾಗುವುದರೊಳಗೆ ಮುಗಿಸಿಬಿಟ್ಟಿದ್ದರು. ಉಳಿದ ಕ್ರಿಯೆಗಳನ್ನು ಮಾಡಬಹುದೋ ಬಾರದೋ ಎಂದು ತಂದೆ ನೆಲ ನೋಡುತ್ತ ಕೇಳಿದರು. ಎಲ್ಲರಿಗೂ ಮಾಡುವಂತೆಯೇ ಮಾಡಬೇಕೆಂದು ಹೇಳಿ, ನಾವೇ ನಿಂತು ಮಾಡಿಸಿದೆವು. ಅವನ ತಂಗಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ತಾಯಿಯನ್ನು ಓಣಿಯ ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ಮಗ ಹೋದುದು ಒಂದು ದಿನ, ಮನೆಯವರನ್ನು ಊರು ದಿನವೂ ದಂಡಿಸಿತು.

'ಆತ್ಮಹತ್ಯೆ' ಎಂಬ ಪದವನ್ನು ನಾವು ಈ ಲೇಖನದಲ್ಲಿ ಇಲ್ಲಿಯವರೆಗೆ ಬಳಸಿಲ್ಲವೆಂಬುದನ್ನು ಸೂಕ್ಷ್ಮಮತಿಗಳಾದ ವಾಚಕರು ಗಮನಿಸಿರಬಹುದು. ಹತ್ಯೆಯೆಂದ ಕೂಡಲೆ ಹಂತಕನೊಬ್ಬನು ಬಂದು ನಿಲ್ಲುತ್ತಾನೆ. ನೊಂದು ಸತ್ತವನು ಅಪರಾಧಿಯಾಗುತ್ತಾನೆ, ಮನೆಯವರು ಅಪರಾಧಿಯ ಮನೆಯವರಾಗುತ್ತಾರೆ. ಕಾನೂನು ಈಗ ಹಾಗೆ ನೋಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂತಹ ಯತ್ನ ಮಾಡಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಿ ಚಿಕಿತ್ಸೆ, ಆರೈಕೆ ಕೊಡುವ ಹೊಣೆಯನ್ನು ಸರಕಾರಕ್ಕೆ ವಹಿಸಿದೆ. ಪ್ರವಚನದ ಗದ್ದುಗೆಯಲ್ಲಿ ಕುಳಿತವರು ಮಾತ್ರ ಇನ್ನೂ ಅದನ್ನು ಮಹಾಪಾಪವೆಂದು ಗುಡುಗುತ್ತಾರೆ. ಗುಡುಗಿನಿಂದ ಒಬ್ಬನೂ ಉಳಿದುದನ್ನು ನಾವು ಕಾಣೆವು. ಆ ಯೋಚನೆಯಲ್ಲಿ ಮುಳುಗಿ ಮಂಟಪದ ಹಿಂದಿನ ಸಾಲಿನಲ್ಲಿ ಕುಳಿತಿರುವ ಹುಡುಗನು ಗುಡುಗನ್ನು ಕೇಳಿ ತನ್ನ ಮಾತನ್ನು ಇನ್ನೂ ಆಳಕ್ಕೆ ನುಂಗುತ್ತಾನೆ, ಅಷ್ಟೆ.

ವೈಮಾನಿಕನಿಗೆ ಪರೀಕ್ಷೆಯಾದರೂ ಉಂಟು. ಸಾರಿಗೆ ಬಸ್ಸಿನ ಚಾಲಕನಿಗೆ, ಜಾತ್ರೆಗೆ ಜನರನ್ನು ತುಂಬಿಕೊಂಡು ಹೋಗುವ ಟ್ರಾಕ್ಟರಿನವನಿಗೆ ಮನಸ್ಸು ಹೇಗಿದೆಯೆಂದು ಕೇಳುವವರು ಮನೆಯವರೇ. ಕೇಳಿದಾಗ ಅವನು ಸಾಯುವ ಮಾತಾಡಿದರೆ ಬೈಯಬೇಡಿರಿ, ದೇವರ ಆಣೆ ಹಾಕಿಸಬೇಡಿರಿ, ಒಂಟಿಯಾಗಿ ಬಿಡಬೇಡಿರಿ. ಆ ದಿನದ ಮಟ್ಟಿಗೆ ಬೀಗದ ಕೈ ಬೇರೆಯವರ ಬಳಿಯಿರಲಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಯೋಜನೆಯನ್ನು ಕರ್ನಾಟಕ ಸರಕಾರ ಆರಂಭಿಸಿದೆ. ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಜೊತೆಗೆ ಕರೆದೊಯ್ಯಿರಿ. ಅಷ್ಟು ದಿನ ಕಾಯುವಂತಿಲ್ಲವಾದರೆ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ 'ಟೆಲಿ ಮಾನಸ್' ಸೇವೆ ಅದು. ಹಗಲಿರುಳೂ ಉಚಿತ. ಕನ್ನಡದಲ್ಲಿಯೇ ಮಾತನಾಡುತ್ತಾರೆ.